ಕೆಂಪಕ್ಕನ ತೆಂಕಲ ಪಕ್ಕೆ

ಜಗಳೂರು
೧೪–೧೧–೧೯೪೩

ಚಿ. ಕಲ್ಲೇಶಪ್ಪನಿಗೆ ಅವನ ಭಾವ ತಿಪ್ಪೇಶಪ್ಪ ಬರೆಯುವುದು.

ಮೊದಲು ಖರ್ಚು ಹೇಳುತ್ತೇನೆ, ಆಮೇಲೆ ಸಂಗತಿ. ನಿನ್ನ ಅಕ್ಕನ ಪಕ್ಕೆನೋವಿಗೆ ಇಲ್ಲಿಯವರೆಗೆ ಹೋದದ್ದು ಇಷ್ಟು: ಹರಕೆಗೆ ಒಂದು ಟಗರು. ನಾಟಿವೈದ್ಯನಿಗೆ ಒಂದು ಕರಿಕಂಬಳಿ, ಅದೂ ನನ್ನ ಅಂಗಡಿಯ ಮೇಲಿನ ದರ್ಜೆಯದು. ಅವನು ಕುಡಿಸಿದ ಕಷಾಯದಿಂದ ಅವಳ ನಾಲಿಗೆಯ ರುಚಿ. ಅವಳ ಮೈಯಲ್ಲಿ ಅರ್ಧ. ನನ್ನ ನಿದ್ದೆ ಪೂರ್ತಿ. ಈ ಕಾಗದ ಬರೆದದ್ದರಿಂದ ನನ್ನ ಮರ್ಯಾದೆ, ಏಕೆಂದರೆ ಮಗಳು ಹುಲಿಗೆಮ್ಮನ ಮದುವೆಯಾದ ಮೇಲೆ ನಿನಗೆ ಒಂದು ಸಾಲೂ ಬರೆಯುವುದಿಲ್ಲವೆಂದು ಸಂತೆಯಲ್ಲಿ ನಿಂತು ಕೂಗಿ ಹೇಳಿದವನು ನಾನು. ಬಂದದ್ದು ಏನೂ ಇಲ್ಲ.

ಮಗಳನ್ನು ನಿನ್ನ ಮಗನಿಗೆ ಕೊಡದೆ ನ್ಯಾಮತಿಗೆ ಕೊಟ್ಟೆನೆಂಬ ಸಿಟ್ಟು ನಿನಗೆ. ಸೋದರಮಾವನಾಗಿ ಚಪ್ಪರದಲ್ಲಿ ಉಣ್ಣದೆ ಎದ್ದು ಹೋದೆಯೆಂಬ ಸಿಟ್ಟು ನನಗೆ. ಎರಡನ್ನೂ ಸದ್ಯಕ್ಕೆ ಗೂಟಕ್ಕೆ ಕಟ್ಟೋಣ. ಮೇಯಿಸುವುದು ಬೇಡ, ಕೊಲ್ಲುವುದೂ ಬೇಡ.

ಸಂಗತಿ ಇದು. ನಿನ್ನ ಅಕ್ಕನಿಗೆ ತೆಂಕಲ ಪಕ್ಕೆಯಲ್ಲಿ, ಬೆನ್ನಿಗೆ ಒತ್ತಿದ ಹಾಗೆ, ಒಳಗೆ ನೋವು. ಚಳಿಜ್ವರ ಬರುತ್ತದೆ, ಹೋಗುತ್ತದೆ, ನೆಂಟರಂತೆ ಮತ್ತೆ ಬರುತ್ತದೆ. ಉಚ್ಚೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ. ಅವಳ ಸ್ವಭಾವ ನಿನಗೆ ಗೊತ್ತು, ಹೆರಿಗೆಯಲ್ಲೂ ಕೂಗಿದವಳಲ್ಲ. ‘ಮುಟ್ಟಿ ತೋರಿಸು’ ಎಂದರೆ, ‘ಮುಟ್ಟಿ ತೋರಿಸಿದ್ರೆ ಅದು ಅಲ್ಲೇ ಬೇರು ಬಿಡತೈತೆ’ ಎನ್ನುತ್ತಾಳೆ. ನಿಮ್ಮವ್ವ ಕಲಿಸಿದ ಪಾಠ, ನೀನೂ ಕೇಳಿರುತ್ತೀಯ.

ಹೊನ್ನಾಳಿಯಲ್ಲಿ ಹೊಳೆಯ ಹತ್ತಿರ ಹೆಂಗಸರಿಗೆಂದೇ ಒಬ್ಬ ಡಾಕ್ಟರಮ್ಮ ಆಸ್ಪತ್ರೆ ಇಟ್ಟಿದ್ದಾರಂತೆ, ಕತ್ತಿ ಹಿಡಿದರೆ ಕೈ ನಡುಗುವುದಿಲ್ಲವಂತೆ. ಅಲ್ಲಿಗೆ ನ್ಯಾಮತಿ ಹತ್ತಿರ, ಹುಲಿಗೆಮ್ಮ ಬಂದು ಜೊತೆಗಿರುತ್ತಾಳೆ. ಗಂಡಸಿನ ಕೆಲಸಕ್ಕೆ ನೀನಾಗಬೇಕು. ನಾನು ಬರಲಾರೆ. ಮಿಲಿಟರಿಗೆ ಕಂಬಳಿ ಒಪ್ಪಿಸುವ ಗಡುವು ತಲೆಯ ಮೇಲಿದೆ. ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ನಮ್ಮ ಅಂಗಡಿಯ ಆಳು ಓಬಣ್ಣನ ಜೊತೆ ಅವಳನ್ನು ಕಳಿಸುತ್ತೇನೆ, ಇಳಿಸಿಕೊ.

ನಿನ್ನ ಅಕ್ಕನ ಗಂಡ ಎಂಬಷ್ಟಕ್ಕಾದರೂ ನಿನ್ನವನಾದ
ತಿಪ್ಪೇಶಪ್ಪ


ಚನ್ನಗಿರಿ
೬–೧೨–೧೯೪೩

ಭಾವನವರಿಗೆ ಕಲ್ಲೇಶಪ್ಪನ ನಮಸ್ಕಾರ.

ಬಸ್ಸಿನಿಂದ ಇಳಿದ ಅಕ್ಕನನ್ನು ನಾನು ಗುರುತಿಸಲಿಲ್ಲ. ಅವಳೇ ಹತ್ತಿರ ಬಂದು, ‘ಏನೋ ಮೇಷ್ಟ್ರೇ, ಕನ್ನಡಕ ಹಾಕ್ಕಂಡ್ರೂ ಕಾಣಾಕಿಲ್ವಾ?’ ಎಂದಳು. ನಾನು ಧೂಳು ಒರೆಸುವವನಂತೆ ಕನ್ನಡಕ ತೆಗೆದೆ.

ಹೊನ್ನಾಳಿಗೆ ಕರೆದೊಯ್ದು ಸೇರಿಸಿ ಬಂದಿದ್ದೇನೆ. ಹುಲಿಗೆಮ್ಮ ಜೊತೆಗಿದ್ದಾಳೆ, ನನ್ನನ್ನು ‘ಮಾವ’ ಎಂದು ಮೊದಲಿನಂತೆಯೇ ಕರೆದಳು. ಡಾಕ್ಟರಮ್ಮ ಮಲೆಯಾಳದ ಕಡೆಯವರು, ಕನ್ನಡವನ್ನು ಕಲಿತು ಆಡುತ್ತಾರೆ. ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮನುಷ್ಯನ ಬೆನ್ನಿನ ಒಳಗೆ ಎರಡು ಮೂತ್ರಪಿಂಡಗಳಿವೆ. ಅಕ್ಕನಿಗೆ ಅದರಲ್ಲಿ ಒಂದು ಕೆಟ್ಟು ಕೀವು ತುಂಬಿದೆ ಎಂದು ಅವರ ಎಣಿಕೆ. ಇನ್ನೊಂದು ನೆಟ್ಟಗಿದ್ದರೆ ಕೆಟ್ಟದ್ದನ್ನು ಕೊಯ್ದು ತೆಗೆಯಬಹುದು, ಮನುಷ್ಯ ಒಂದರಲ್ಲೇ ಬದುಕುತ್ತಾನೆ. ಎರಡೂ ಕೆಟ್ಟಿದ್ದರೆ ಕತ್ತಿಗೆ ಅಲ್ಲಿ ಕೆಲಸವಿಲ್ಲ. ‘ತಪ್ಪಿ ಒಳ್ಳೆಯದನ್ನೇ ತೆಗೆದುಬಿಟ್ಟರೆ’ ಎಂದು ಶುರುಮಾಡಿದ ಮಾತನ್ನು ಅವರು ಮುಗಿಸಲಿಲ್ಲ.

ಒಳಗಿನ ಚಿತ್ರ ತೆಗೆಯುವ ಯಂತ್ರ ಅಲ್ಲಿಲ್ಲ. ಇರುವ ದೊಡ್ಡ ಊರಿನಲ್ಲೂ ಯುದ್ಧದಿಂದಾಗಿ ಫಿಲ್ಮು ಬರುತ್ತಿಲ್ಲವಂತೆ, ಅಷ್ಟು ದೂರದ ದಾರಿಯನ್ನು ಅಕ್ಕನ ಮೈ ತಡೆಯುವುದೂ ಇಲ್ಲ. ಡಾಕ್ಟರಮ್ಮ ಎರಡು ಕಡೆಯೂ ಒತ್ತಿ ನೋಡಿದರು. ಅಕ್ಕ ಹಲ್ಲು ಕಚ್ಚಿ ಸೂರು ನೋಡುತ್ತಾ, ‘ಎಲ್ಲಾ ಸಮ ಐತ್ರಮ್ಮಾ’ ಎಂದಳು. ಆದ್ದರಿಂದ ಯಾವ ಕಡೆ ಎಂಬುದು ರೋಗಿಯ ಮಾತಿನಿಂದಲೇ ತಿಳಿಯಬೇಕು.

ನೀವು ‘ತೆಂಕಲ ಪಕ್ಕೆ’ ಎಂದು ಬರೆದಿದ್ದಿರಿ. ಅಕ್ಕನೂ ನನ್ನ ಮನೆಯ ಬಾಗಿಲಲ್ಲಿ ಅದನ್ನೇ ಹೇಳಿದ್ದಳು. ಡಾಕ್ಟರಮ್ಮ, ‘ಅಂದರೆ ಯಾವುದು?’ ಎಂದು ನನ್ನನ್ನು ಕೇಳಿದರು. ಇಂಥ ಪ್ರಶ್ನೆಗಳಿಗೆಂದೇ ದೇವರು ಮೇಷ್ಟ್ರನ್ನು ಮಾಡಿರುವುದು. ತೆಂಕಲೆಂದರೆ ದಕ್ಷಿಣ. ನಮ್ಮ ಹಿರಿಯರು ಹುಟ್ಟುವ ಸೂರ್ಯನಿಗೆ ಎದುರಾಗಿ ನಿಂತು ಲೋಕಕ್ಕೆ ಹೆಸರಿಟ್ಟವರು. ಮುಖದ ಮುಂದಿನದು ಪೂರ್ವ, ಆ ಶಬ್ದದ ಅರ್ಥವೇ ಮುಂದಿನದು, ಮೊದಲಿನದು. ಬೆನ್ನ ಹಿಂದಿನದು ಪಶ್ಚಿಮ. ಬಲಗೈ ಚಾಚಿದ ಕಡೆ ದಕ್ಷಿಣ. ದಕ್ಷಿಣ ಎಂದರೆ ಕೆಲಸ ಬಲ್ಲದ್ದು, ಸಮರ್ಥವಾದದ್ದು. ‘ದಕ್ಷ’ ಎನ್ನುವುದೂ ಅದೇ ಮನೆತನದ ಮಾತು. ಬಲಗೈಗೆ ಸಲ್ಲುವ ಹೆಸರನ್ನೇ ದಿಕ್ಕಿಗೂ ಇಟ್ಟರು. ಪ್ರದಕ್ಷಿಣೆ ಬರುವಾಗ ದೇವರನ್ನು ಬಲಕ್ಕೆ ಇಟ್ಟುಕೊಳ್ಳುವುದಿಲ್ಲವೇ? ಮನುಷ್ಯನಿಗೆ ಮೈಯೇ ಮೊದಲ ಭೂಪಟ. ಇಷ್ಟನ್ನೂ ವಿವರಿಸಿ, ‘ದಕ್ಷಿಣ ಪಾರ್ಶ್ವ, ಅರ್ಥಾತ್ ಬಲ ಪಕ್ಕೆ’ ಎಂದು ಬರೆದುಕೊಟ್ಟೆ. ಡಾಕ್ಟರಮ್ಮ ತುಂಬ ಮೆಚ್ಚಿದರು.

ನೀವು ಒಮ್ಮೆ ಬರಬೇಕು. ಅಕ್ಕ ಕೇಳುವುದಿಲ್ಲ. ಬಾಗಿಲ ಕಡೆ ನೋಡುತ್ತಾಳೆ, ಅಷ್ಟೆ.

ನಿಮ್ಮ ವಿಧೇಯ,
ಕಲ್ಲೇಶಪ್ಪ


ಜಗಳೂರು
೧೮–೧೨–೧೯೪೩

ಕಲ್ಲೇಶಪ್ಪಾ,

ಕಾಗದ ಮುಟ್ಟಿತು. ಪಾಠವೂ ಆಯಿತು, ಫೀಸು ಯಾರಿಗೆ ಕೊಡಲಿ?

ಪಿಂಡ ಎಂಬ ಆ ಮಾತು ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಪಿಂಡ ಇಡುವುದು ಸತ್ತವರಿಗೆ. ಡಾಕ್ಟರಮ್ಮನಿಗೆ ಬೇರೆ ಮಾತು ಸಿಗಲಿಲ್ಲವೋ ಅಥವಾ ನೀನು ಕಲಿಸಿಕೊಟ್ಟೆಯೋ? ಕುರಿಯ ಹೊಟ್ಟೆಯಲ್ಲಿ ಆ ಜೋಡಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಕೊಬ್ಬಿನ ನಡುವೆ ಬೆನ್ನಿಗೆ ಅಂಟಿ ಕೂತಿರುತ್ತವೆ, ಅವಳಿ ಮಕ್ಕಳ ಹಾಗೆ. ನಿನ್ನ ಅಕ್ಕನ ಒಳಗೂ ಅಂಥವೇ ಇವೆಯೆಂದು ಈ ವಯಸ್ಸಿನವರೆಗೆ ಯೋಚಿಸಿರಲಿಲ್ಲ. ಈಗ ಮೊನ್ನೆಯಿಂದ ಮಾಂಸ ಬಿಟ್ಟಿದ್ದೇನೆ.

ಬರಬೇಕೆಂದು ಬರೆದೆ. ಕಂಬಳಿಯ ತೂಕ ನೋಡುವ ಸರ್ಕಾರಿ ಮನುಷ್ಯ ಯಾವ ಹೊತ್ತಿಗಾದರೂ ಬರಬಹುದು. ನೇಯುವವರು ನಾನು ಎದುರಿಗಿಲ್ಲದಿದ್ದರೆ ಹಳೆಯ ಉಣ್ಣೆ ಸೇರಿಸುತ್ತಾರೆ. ಎದುರಂಗಡಿಯ ಚಿಕ್ಕಹನುಮಂತಪ್ಪ ಈ ಆರ್ಡರಿನ ಮೇಲೆ ಹದ್ದಿನ ಹಾಗೆ ಕಣ್ಣಿಟ್ಟಿದ್ದಾನೆ. ಬಸ್ಸು ನೆಚ್ಚುವಂತಿಲ್ಲ. ಇಷ್ಟು ಕಾರಣ ಸಾಕಲ್ಲ?

ಒಂದು ಮಾತು ಕೇಳಿ ತಿಳಿಸು. ಔಷಧಿಯಿಂದ ಮತ್ತು ಬರಿಸಿ ಕೊಯ್ಯುತ್ತಾರಲ್ಲ, ಆ ಮತ್ತಿನಿಂದ ಎಚ್ಚರವಾಗದೆ ಹೋದವರು ಆ ಆಸ್ಪತ್ರೆಯಲ್ಲಿ ಇದ್ದಾರೆಯೇ? ನಾನು ಕೇಳಿದೆನೆಂದು ಹೇಳಬೇಡ. ಕೊಯ್ಯುವಾಗ ತಾಳಿ ತೆಗೆಸುತ್ತಾರೆಯೇ? ಅದನ್ನೂ ಕೇಳು. ಬೇಡ, ಅದನ್ನು ಕೇಳಬೇಡ.

ಅವಳಿಗೆ ಒಂದು ಕಂಬಳಿ ಕಳಿಸಿದ್ದೇನೆ. ಅಂಗಡಿಯದಲ್ಲ, ನಾನು ಹೊದೆಯುವುದು.

ತಿಪ್ಪೇಶಪ್ಪ


ಹೊನ್ನಾಳಿ ಆಸ್ಪತ್ರೆ
೨–೧–೧೯೪೪

ಅಪ್ಪನಿಗೆ ಹುಲಿಗೆಮ್ಮ ಬೇಡಿಕೊಳ್ಳುವುದು.

ಅಪ್ಪಾ, ನಿನ್ನ ಕಂಬಳಿ ಬಂತು. ಅವ್ವ ಮೂಸಿ ನೋಡಿ, ‘ಹೊಗೆಸೊಪ್ಪಿನ ವಾಸ್ನೆ’ ಎಂದು ಬೈದು ಹೊದ್ದುಕೊಂಡಳು. ಈಗ ಬೇರೆಯವರು ಮುಟ್ಟಿದರೆ ಬಿಡುವುದಿಲ್ಲ.

ಇಲ್ಲಿ ದೊಡ್ಡ ವಾರ್ಡಿನಲ್ಲಿ ಎಲ್ಲರ ಮಂಚಗಳೂ ಒಂದೇ ಗೋಡೆಗೆ ತಲೆ ಕೊಟ್ಟು ಸಾಲಾಗಿವೆ. ಬೆಳಿಗ್ಗೆ ಎದುರು ಕಿಟಕಿಯಿಂದ ಬಿಸಿಲು ನೇರ ಕಾಲಿನ ಮೇಲೆ ಬೀಳುತ್ತದೆ. ಅವ್ವ ದಿನಾ ಜಗಳ ತೆಗೆಯುತ್ತಾಳೆ, ‘ಹುಟ್ಟೋ ಸೂರಪ್ಪಂಗೆ ಕಾಲು ಚಾಚ್ಸಿ ಮಲಗ್ಸೀರಲ್ಲ, ನಿಮಗೆ ಒಳ್ಳೇದಾಗತೈತಾ?’ ಎಂದು. ನರ್ಸಮ್ಮನವರು ಅರ್ಥವಾಗದೆ ನಗುತ್ತಾರೆ.

ಈಗ ಹೆದರಿಕೆಯ ಮಾತು. ಕೊಯ್ಯುವ ದಿನ ಗೊತ್ತಾಗಿತ್ತು. ಅದರ ಹಿಂದಿನ ದಿನ ಡಾಕ್ಟರಮ್ಮ ಕಲ್ಲೇಶ ಮಾವನನ್ನು ಎದುರಿಗಿಟ್ಟುಕೊಂಡು ಅವ್ವನನ್ನು ಮತ್ತೆ ಕೇಳಿದರು. ಅವ್ವ ‘ಬಡಗಲ ಪಕ್ಕೆ’ ಎಂದಳು. ಮಾವ ಬಿಳಿಚಿಕೊಂಡು, ‘ತೆಂಕಲ ಅಂತಿದ್ಯಲ್ಲಕ್ಕಾ?’ ಎಂದರು. ‘ಅದು ಅವಾಗ. ಈಗ ಬಡಗಲ’ ಎಂದು ಗೋಡೆಗೆ ಮುಖ ತಿರುಗಿಸಿದಳು. ಬಡಗಲೆಂದರೆ ಎಡ ಎಂದು ಮಾವ ಹೇಳಿದರು. ಡಾಕ್ಟರಮ್ಮ, ಹಾಗಾದರೆ ಅದು ಎರಡೂ ಕಡೆಗೆ ಹರಡಿರಬೇಕು ಎಂದರು. ಕೊಯ್ಯುವುದನ್ನು ನಿಲ್ಲಿಸಿದ್ದಾರೆ.

ನಾನು ಒಬ್ಬಳೇ ಇದ್ದಾಗ, ‘ಅವ್ವಾ, ನಿಜ ಹೇಳು, ಎರಡೂ ಕಡೆ ನೋವೈತಾ?’ ಎಂದು ಕೇಳಿದೆ. ‘ಒಂದೇ ಕಡೆ ಕಣೇ. ಇನ್ನೊಂದು ಕಡೆ ಬಂದ್ರೆ ಹೇಳ್ತೀನಿ, ನಿಮ್ಮಪ್ಪನ ಹಂಗೆ ಮುಚ್ಚಿಟ್ಕಳಾಕೆ ನನಗೇನೈತೆ?’ ಎಂದಳು. ನನಗೆ ಏನೂ ತಿಳಿಯುತ್ತಿಲ್ಲ. ಬಾ ಅಪ್ಪಾ.

ನಿನ್ನ ಮಗಳು
ಹುಲಿಗೆಮ್ಮ


ಚನ್ನಗಿರಿ
೧೧–೧–೧೯೪೪

ಭಾವನವರಿಗೆ,

ಈ ಕಾಗದವನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದಿದ್ದೇನೆ. ಕಾಗದದ ಅಭಾವದ ಕಾಲದಲ್ಲಿ ಇದೂ ಒಂದು ಪಾಪ.

ಅಕ್ಕನನ್ನು ದೊಡ್ಡ ವಾರ್ಡಿನಿಂದ ತೆಗೆದು ಹಿಂದಿನ ಚಿಕ್ಕ ಕೋಣೆಗೆ ಹಾಕಿದ್ದಾರೆ. ಅಲ್ಲಿಗೆ ಯಾರನ್ನು ಹಾಕುತ್ತಾರೆಂದು ನಾನು ಕೇಳಲಿಲ್ಲ, ಮಿಕ್ಕ ರೋಗಿಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೋಣೆ ಇಕ್ಕಟ್ಟು, ಮಂಚವನ್ನು ಅಡ್ಡಲಾಗಿ ಹಾಕಿದ್ದಾರೆ. ‘ಸದ್ಯ, ತೆಂಕಲಿಗೆ ತಲೆ ಆಯ್ತಲ್ಲ, ಇನ್ನು ನಿದ್ದೆ ಬರತೈತೆ’ ಎಂದು ಅಕ್ಕ ಸಂತೋಷಪಟ್ಟಳು. ಅವಳ ಸಂತೋಷ ನೋಡಲಾಗಲಿಲ್ಲ.

ಮೊನ್ನೆ ಜ್ವರ ಏರಿದಾಗ ಡಾಕ್ಟರಮ್ಮ ಇನ್ನೊಂದು ಸಲ, ಕೊನೆಯದಾಗಿ, ನೋವು ಎಲ್ಲಿ ಎಂದು ಕೇಳಿದರು. ಅಕ್ಕ, ‘ಪಡುವಲ ಪಕ್ಕೆ’ ಎಂದಳು.

ಭಾವ, ಮನುಷ್ಯನಿಗೆ ಪಡುವಲ ಪಕ್ಕೆ ಎಂಬುದು ಎಲ್ಲಿದೆ? ನನ್ನ ಪಾಠದ ಪ್ರಕಾರ ಪಶ್ಚಿಮವೆಂದರೆ ಬೆನ್ನು. ‘ಬೆನ್ನಾ ಅಕ್ಕಾ?’ ಎಂದೆ. ‘ಬೆನ್ನಲ್ಲೋ ಪೆದ್ದ, ಪಕ್ಕೆ! ಪಡುವಲ ಪಕ್ಕೆ!’ ಎಂದು ಗದರಿದಳು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು: ಎರಡೂ ಪಿಂಡಗಳು ಕೆಟ್ಟು ಮೈಯ ನಂಜು ತಲೆಗೆ ಏರಿದಾಗ ರೋಗಿ ಹೀಗೆ ಆಡುತ್ತಾರೆ, ದಿಕ್ಕುದೆಸೆ ತಪ್ಪುತ್ತದೆ, ಇನ್ನು ನೋಯಿಸುವುದು ಬೇಡ, ಊರಿಗೆ ಕರೆದುಕೊಂಡು ಹೋಗಿ, ಮನೆಯಲ್ಲಿ ಇರಲಿ.

ಇನ್ಸ್‌ಪೆಕ್ಟರು ಬರುತ್ತಾರೆಂದು ನಾನು ಶಾಲೆಗೆ ಹಿಂತಿರುಗಿದ್ದೇನೆ. ಅಕ್ಕನನ್ನು ಜಗಳೂರಿಗೆ ತರಬೇಕೋ ಅಥವಾ ನೀವು ಬರುತ್ತೀರೋ, ಒಂದು ಸಾಲು ತಿಳಿಸಿ. ನನಗೆ ಹೆದರಿಕೆಯಾಗುತ್ತಿದೆ.

ಕಲ್ಲೇಶಪ್ಪ


ಜಗಳೂರು
೧೬–೧–೧೯೪೪

ಕಲ್ಲೇಶಿ,

ಅವಳನ್ನು ಅಲ್ಲಾಡಿಸಬೇಡ. ಊರಿಗೆ ತರುವ ಮಾತು ಆಡಬೇಡ. ನಾನು ನೇರ ಹೊನ್ನಾಳಿಗೆ ಹೊರಟಿದ್ದೇನೆ. ಈ ಕಾಗದವನ್ನು ನಿಮ್ಮ ಕಡೆಗೆ ಹೋಗುವ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ.

ಅವಳ ತಲೆ ಕೆಟ್ಟಿಲ್ಲ. ಆ ಆಸ್ಪತ್ರೆಯಲ್ಲಿ ನೆಟ್ಟಗಿರುವ ತಲೆ ಅದೊಂದೇ.

ನಿನ್ನ ಹಿರಿಯರು ನಿಂತುಕೊಂಡು ಲೋಕಕ್ಕೆ ಹೆಸರಿಟ್ಟರು. ನಿನ್ನ ಅಕ್ಕ ಮಲಗಿದ್ದಾಳೆ.

ನೀನು ಚಿಕ್ಕವನಿದ್ದಾಗಲೇ ಸ್ಕೂಲಿಗೆ ಸೇರಿ ಎಡ ಬಲ ಕಲಿತೆ. ನಾನೂ ಅವಳೂ ಕುರಿ ಹಿಂದೆ ಬೆಳೆದವರು. ಬಯಲಿನಲ್ಲಿ ಒಬ್ಬನ ಎಡ ಇನ್ನೊಬ್ಬನಿಗೆ ಬಲ, ಅದನ್ನು ನಂಬಿದರೆ ಹಿಂಡು ತೋಳದ ಬಾಯಿಗೆ. ‘ಬಡಗಲ ಕಡೆ ಮರಿ ತಪ್ಪೈತೆ ನೋಡು’ ಎಂದರೆ ಹತ್ತು ಜನರಿಗೂ ಒಂದೇ ಕಡೆ. ಒಲೆಯ ಮುಂದೆ ಕೂತಾಗಲೂ ಅವಳು ‘ಮೂಡಲ ಕಡೆ ಗಡಿಗೆ ಕೊಡ್ರಿ’ ಎನ್ನುವವಳು. ತನ್ನ ಮೈಗೂ ಹಾಗೇ. ಮಲಗಿದಾಗ ಯಾವ ಪಕ್ಕೆ ಯಾವ ದಿಕ್ಕಿಗೆ ಬರುತ್ತದೋ ಅದೇ ಅದರ ಹೆಸರು.

ನಮ್ಮ ಮನೆಯಲ್ಲಿ ಮೂಡಲಿಗೆ ತಲೆ ಹಾಕಿ ಮಲಗುತ್ತೇವೆ. ಹಾಗೆ ಅಂಗಾತ ಮಲಗಿದರೆ ತೆಂಕಲಿಗೆ ಬರುವುದು ಯಾವ ಪಕ್ಕೆ? ನಿನ್ನ ಶಾಲೆಯ ನೆಲದ ಮೇಲೆ ಮಲಗಿ ನೋಡು, ಹುಡುಗರು ನಗಲಿ. ಎಡ. ದೊಡ್ಡ ವಾರ್ಡಿನಲ್ಲಿ ಕಾಲು ಮೂಡಲಿಗೆ, ತಲೆ ಪಡುವಲಿಗೆ ಎಂದು ಹುಲಿಗೆಮ್ಮನ ಕಾಗದದಲ್ಲೇ ಇದೆ. ಆಗ ಬಡಗಲಿಗೆ ಬರುವುದು ಎಡ. ಚಿಕ್ಕ ಕೋಣೆಯಲ್ಲಿ ತೆಂಕಲಿಗೆ ತಲೆ. ಪಡುವಲಿಗೆ ಬರುವುದು ಎಡ. ಕೇಳಿದಾಗಲೆಲ್ಲ ಅವಳು ಹೇಳಿದ್ದು ಒಂದೇ ಪಕ್ಕೆ. ನೋವು ಜಾಗ ಬಿಟ್ಟು ಅಲ್ಲಾಡಿಲ್ಲ ಕಲ್ಲೇಶಿ, ಮಂಚ ಅಲ್ಲಾಡಿದೆ.

ಅಂಗಡಿಯಲ್ಲಿ ಕಂಬಳಿ ಹಾಸಿ ನಾನೇ ಒಂದೊಂದು ದಿಕ್ಕಿಗೂ ತಲೆ ಹಾಕಿ ಮಲಗಿ ನೋಡಿದೆ. ಎದುರಂಗಡಿಯವನು, ‘ಏನ್ರೀ ಸಾಹುಕಾರ್ರೇ, ಸರಕು ಖರ್ಚಾಗ್ಲಿಲ್ಲ ಅಂತ ನೀವೇ ಹೊದ್ಕಂತೀರಾ?’ ಎಂದ. ನಾನು ಎದ್ದು ಇನ್ನೊಂದು ದಿಕ್ಕಿಗೆ ತಲೆ ಹಾಕಿದೆ.

ಬಲ ಎಂದು ನೀನು ಬರೆದುಕೊಟ್ಟೆ, ಅವರು ಬಲಗಡೆ ಕೊಯ್ಯಲು ದಿನವನ್ನೂ ಇಟ್ಟಿದ್ದರು. ಮಂಚ ಇಲ್ಲಿಯ ಹಾಗೆಯೇ ಇದ್ದು, ಅವಳು ಇನ್ನೊಂದು ಸಲ ‘ತೆಂಕಲ’ ಎಂದಿದ್ದರೆ? ನಿನ್ನನ್ನು ಬೈಯಬೇಕೆಂದು ಕೂತೆ. ಆದರೆ ಇಲ್ಲಿಯ ತೆಂಕಲು ಕಾಗದದಲ್ಲಿ ಕೂತು ಹಾಗೇ ಹೊನ್ನಾಳಿಗೆ ಬರುತ್ತದೆಂದು ನಂಬಿ ಬರೆದವನು ನಾನು.

ಈಗ ಇನ್ನೊಂದು ಹೆದರಿಕೆ. ನನ್ನ ಎಣಿಕೆಯೂ ತಪ್ಪಿದ್ದರೆ?

ತಿಪ್ಪೇಶಪ್ಪ


ಹೊನ್ನಾಳಿ ಆಸ್ಪತ್ರೆ, ಜಗುಲಿ
೨೦–೧–೧೯೪೪

ಕಲ್ಲೇಶಿ,

ಬಂದು ಮುಟ್ಟಿದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ಎತ್ತಿನ ಗಾಡಿ ಹಿಡಿದೆ, ಉಳಿದದ್ದು ನಡೆದೆ. ಹೊಳೆ ಕಂಡ ಮೇಲೆ ಕಾಲು ಮುಂದಕ್ಕೆ ಬರಲಿಲ್ಲ. ಒಂದು ಹುಣಸೆಮರದ ಕೆಳಗೆ ಕೂತೆ. ಇಷ್ಟು ದಿನ ಕಂಬಳಿಯ ಗಡುವು ಎಂದು ಬರೆದೆನಲ್ಲ, ಆ ಗಡುವು ಈ ಮರದವರೆಗೆ ಬಂದಿತ್ತು ಎಂದುಕೊ. ಆಮೇಲೆ ಎದ್ದು ಬಂದೆ.

ಅವಳು ನನ್ನನ್ನು ನೋಡಿ, ‘ಬಂದ್ರಾ? ಕಂಬಳಿ ಎಲ್ಲಾ ಖರ್ಚಾದ್ವಾ?’ ಎಂದಳು. ಮುಖದಲ್ಲಿ ಮೂಗೊಂದೇ ಉಳಿದಿತ್ತು.

ಡಾಕ್ಟರಮ್ಮ ಒಳ್ಳೆಯ ಹೆಂಗಸು. ಪಾಪದವನೆಂಬಂತೆ ನನ್ನನ್ನು ಕೂರಿಸಿ, ‘ನಿಮ್ಮ ಪತ್ನಿಗೆ ಭ್ರಮೆ ಹಿಡಿದಿದೆ’ ಎಂದರು. ‘ಇಲ್ಲ ಡಾಕ್ಟರಮ್ಮಾರೆ, ಮಂಚ ತಿರುಗ್ಸಿ ತಿರುಗ್ಸಿ ಕೇಳ್ರಿ, ಆಮೇಲೆ ಹೇಳ್ರಿ’ ಎಂದೆ. ನಂಜು ಈಗ ಗಂಡನ ತಲೆಗೂ ಏರಿತೆಂದು ಅವರಿಗೆ ಅನ್ನಿಸಿರಬೇಕು. ಆದರೂ ಬಂದರು. ಮಂಚವನ್ನು ವರಾಂಡಕ್ಕೆ ತಂದು ಹುಲಿಗೆಮ್ಮ, ನರ್ಸಮ್ಮ, ನಾನು ಹಿಡಿದುಕೊಂಡೆವು.

ಮೊದಲು ತೆಂಕಲಿಗೆ ತಲೆ. ‘ಎಲ್ಲಿ ನೋವು, ತಾಯಿ?’ ‘ಪಡುವಲ ಪಕ್ಕೆ. ಎಷ್ಟು ಸಲ ಹೇಳ್ಲಿ?’ ಪಡುವಲಿಗೆ ತಿರುಗಿಸಿದೆವು. ‘ಈಗ?’ ‘ಈಗ ಬಡಗಲಿಗೆ ಬಂತು.’ ಡಾಕ್ಟರಮ್ಮ ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮತ್ತೆ ತಿರುಗಿಸಿ ಬಡಗಲಿಗೆ ತಲೆ ಮಾಡಿದೆವು. ಅಷ್ಟರಲ್ಲಿ ಅವಳು ಎದ್ದು ಕೂರಲು ನೋಡಿದಳು. ‘ಬಡಗಲಿಗೆ ತಲೆ ಹಾಕಾಕೆ ನಾನೇನು ಹೆಣವಾ? ಇನ್ನೂ ಉಸಿರೈತೆ, ತಿರುಗ್ಸ್ರೀ!’ ಅವಳು ಕೂಗಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ‘ತಿರುಗಿಸುತ್ತೇವೆ ತಾಯಿ, ನೋವು ಎಲ್ಲಿ ಹೇಳಿ.’ ‘ಮೂಡಲ ಪಕ್ಕೆ! ಮೊದ್ಲು ತಿರುಗ್ಸ್ರೀ!’ ಮೂಡಲಿಗೆ ತಲೆ ಮಾಡಿದಾಗ ಯಾರೂ ಕೇಳುವ ಮೊದಲೇ, ‘ಈಗ ತೆಂಕಲ, ನಮ್ಮನೇಲಿದ್ದಂಗೆ’ ಎಂದು ಕಣ್ಣು ಮುಚ್ಚಿದಳು.

ಡಾಕ್ಟರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆಮೇಲೆ ಎದ್ದು ಬಂದು, ‘ಹಾಗಾದರೆ ಯಾವ ಕಡೆ, ನೀವೇ ಹೇಳಿ’ ಎಂದರು. ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ಹೆದರಿಕೆಯಲ್ಲಿ ಎದುರಿಗಿದ್ದ ಪಕ್ಕೆಗೆ ನನ್ನ ಬಲಗೈ ಚಾಚಿ, ‘ಇದು, ಬಲಗಡೆ’ ಎಂದೆ. ಹೌದು ಕಲ್ಲೇಶಿ. ಅಷ್ಟು ದೂರದಿಂದ ಎಡ ಎಂದು ಹೇಳಲೆಂದೇ ಬಂದವನು ಬಲ ಎಂದೆ. ಡಾಕ್ಟರಮ್ಮ ತಲೆಯಾಡಿಸಿ, ‘ಅದು ನಿಮ್ಮ ಬಲ. ಮೈ ಯಾರದೋ ಎಡಬಲವೂ ಅವರದೇ. ನಾವು ವೈದ್ಯರು ಎದುರು ನಿಂತು ನೋಡಿದರೂ ರೋಗಿಯ ಕೈಯಿಂದಲೇ ಎಣಿಸುತ್ತೇವೆ’ ಎಂದರು. ಮಲಗಿದವಳ ಎಡಗೈಯನ್ನು ತಾವೇ ಎತ್ತಿ ತೋರಿಸಿ, ಆ ಪಕ್ಕೆಯ ಮೇಲೆ ನೇರಳೆ ಔಷಧಿಯಲ್ಲಿ ದೊಡ್ಡದಾಗಿ ಗೆರೆ ಎಳೆದರು. ಲೋಕದಲ್ಲಿ ಎಷ್ಟು ಜನ ನಿಂತಿದ್ದಾರೋ ಅಷ್ಟು ಬಲಗಡೆಗಳು, ಅವಳಿಗೆ ಇರುವ ಜೀವ ಒಂದು.

ಒಪ್ಪಿಗೆ ಬರೆದುಕೊಡಬೇಕಾಯಿತು. ‘ಎಡ’ ಎಂದು ನನ್ನ ಕೈಯಿಂದಲೇ ಬರೆದೆ. ಉಣ್ಣೆಯ ವ್ಯಾಪಾರದಲ್ಲಿ ಎಷ್ಟೋ ಪತ್ರಕ್ಕೆ ರುಜು ಹಾಕಿದ್ದೇನೆ, ಬರೆದ ಮೇಲೆ ಅಕ್ಷರ ತಿದ್ದಿ ದಪ್ಪ ಮಾಡಿದ್ದು ಇದೊಂದಕ್ಕೆ.

ಇವತ್ತು ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು, ‘ನೀವು ಹೊರಗೇ ಕುಂತ್ಕಳ್ರಿ. ನಿಮ್ಮ ಮುಖ ನೋಡಿದ್ರೆ ನನಗೆ ಹೆದ್ರಿಕೆ ಆಗತೈತೆ’ ಎಂದಳು. ತಾಳಿ ತೆಗೆದು ಹುಲಿಗೆಮ್ಮನ ಸೆರಗಿಗೆ ಕಟ್ಟಿದ್ದಾರೆ. ಹುಲಿಗೆಮ್ಮ ಆ ಗಂಟನ್ನು ಹಿಡಿದುಕೊಂಡು ಎದುರಿಗೆ ಕೂತಿದ್ದಾಳೆ, ನಾನು ಆ ಕಡೆ ನೋಡುತ್ತಿಲ್ಲ.

ಬಾಗಿಲು ಮುಚ್ಚಿದೆ. ಬರೆಯುವುದನ್ನು ನಿಲ್ಲಿಸಿದರೆ ಒಳಗಿನ ಸದ್ದು ಕೇಳಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸದ್ದು ಇಲ್ಲ. ಅದೂ ಕೇಳಿಸುತ್ತದೆ. ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ಇದನ್ನು ಅವನ ಕೈಗೆ


ಚನ್ನಗಿರಿ
೩೦–೧–೧೯೪೪

ಭಾವ,

ನಿಮ್ಮ ಕಾಗದ ಅರ್ಧಕ್ಕೆ ನಿಂತಿತ್ತು. ರುಜುವೂ ಇರಲಿಲ್ಲ. ಆಮೇಲೆ ಏನೂ ಬಂದಿಲ್ಲ.

ದಿನಾ ಅಂಚೆಯವನ ದಾರಿ ನೋಡುತ್ತೇನೆ, ಅವನು ನಮ್ಮ ಬೀದಿಗೆ ತಿರುಗಿದರೆ ಒಳಗೆ ಹೋಗಿ ನಿಲ್ಲುತ್ತೇನೆ. ಹೊನ್ನಾಳಿಗೆ ಬರಬೇಕೆಂದು ಎರಡು ಸಲ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಹಿಂತಿರುಗಿದೆ. ಬಸ್ಸು ಇರಲಿಲ್ಲ ಎಂದು ಬರೆಯಬಹುದು. ಬಸ್ಸು ಇತ್ತು.

ನಿಮ್ಮನ್ನು ಕಂಬಳಿ ಮಾರುವವರೆಂದು ಮನಸ್ಸಿನಲ್ಲೇ ಹಂಗಿಸುತ್ತಿದ್ದೆ. ಈಗ ಹಂಗಿಸುವುದಿಲ್ಲ. ಮೂರನೆಯ ತರಗತಿಯವರಿಗೆ ದಿಕ್ಕುಗಳ ಪಾಠ ಬಂತು. ಪೂರ್ವಕ್ಕೆ ಮುಖ ಮಾಡಿ ನಿಲ್ಲಿ ಎಂದು ಹುಡುಗರಿಗೆ ಹೇಳಿ, ಪುಸ್ತಕ ಮುಚ್ಚಿ ಅವರನ್ನು ಆಟಕ್ಕೆ ಬಿಟ್ಟೆ.

ಒಂದು ಸಾಲು ಬರೆಯಿರಿ. ಯಾವುದಾದರೂ ಸರಿ.

ಕಲ್ಲೇಶಿ


ಹೊನ್ನಾಳಿ
೧೩–೨–೧೯೪೪

ಕಲ್ಲೇಶಿ,

ಇದ್ದಾಳೆ.

ತಡವಾದದ್ದಕ್ಕೆ ಕಾರಣ ಹೇಳುತ್ತೇನೆ. ಕೊಯ್ದ ಮೇಲೆ ಎಷ್ಟೋ ದಿನ ಅವಳು ಇದ್ದಳು ಎನ್ನುವ ಹಾಗೂ ಇರಲಿಲ್ಲ, ಇಲ್ಲ ಎನ್ನುವ ಹಾಗೂ ಇರಲಿಲ್ಲ. ಇದ್ದಾಳೆ ಎಂದು ಬರೆದು ಅಂಚೆಗೆ ಹಾಕಿ, ಅದು ನಿನ್ನನ್ನು ಮುಟ್ಟುವ ಮೊದಲೇ ಹೋಗಿಬಿಟ್ಟರೆ, ನನ್ನ ಕಾಗದ ನಿನ್ನ ಮನೆಯಲ್ಲಿ ನಗುತ್ತಾ ಕೂತಿರುತ್ತಿತ್ತು. ಆ ಕೆಲಸ ನನ್ನಿಂದಾಗಲಿಲ್ಲ. ನಿನ್ನೆ ಅವಳು ರಾಗಿ ಗಂಜಿಗೆ ಉಪ್ಪು ಕಡಿಮೆಯೆಂದು ಲೋಟ ತಳ್ಳಿದಳು. ಹಾಗಾಗಿ ಬರೆಯುತ್ತಿದ್ದೇನೆ.

ತೆಗೆದದ್ದನ್ನು ಡಾಕ್ಟರಮ್ಮ ಬಟ್ಟಲಲ್ಲಿಟ್ಟು ತೋರಿಸಿದರು. ಕೀವು ತುಂಬಿದ ಚೀಲ, ನಡುವೆ ಗಜ್ಜುಗದಷ್ಟು ಕಲ್ಲು. ಎಡಗಡೆಯದು. ಬಲಗಡೆಯದು ಇನ್ನೂ ಕೆಲಸ ಮಾಡುತ್ತಿದೆ, ನೀರು ತಿಳಿಯಾಗುತ್ತಿದೆ. ‘ಅವತ್ತು ಬಲಗಡೆಗೆ ಕತ್ತಿ ಹಾಕಿದ್ದಿದ್ದರೆ’ ಎಂದು ಡಾಕ್ಟರಮ್ಮ ಮತ್ತೆ ಶುರುಮಾಡಿದರು. ಈ ಸಲವೂ ಮುಗಿಸಲಿಲ್ಲ. ಮುಗಿಸಬೇಡಿ ಎಂದು ನಾನು ಕೈಮುಗಿದೆ.

ಯಾರಿಗೆ ಏನು ಸಿಕ್ಕಿತೆಂದು ಹೇಳಿ ಮುಗಿಸುತ್ತೇನೆ. ಮಿಲಿಟರಿಯ ಆರ್ಡರು ಚಿಕ್ಕಹನುಮಂತಪ್ಪನಿಗೆ ಸಿಕ್ಕಿತು. ಡಾಕ್ಟರಮ್ಮನಿಗೆ ಒಂದು ಹೊಸ ಪ್ರಶ್ನೆ ಸಿಕ್ಕಿತು: ಹಳ್ಳಿಯಿಂದ ಬಂದವರನ್ನೆಲ್ಲ, ಮನೆಯಲ್ಲಿ ಯಾವ ಕಡೆ ತಲೆ ಹಾಕಿ ಮಲಗುತ್ತೀರೆಂದು ಮೊದಲು ಕೇಳುತ್ತಾರೆ, ಜನ ಅವರಿಗೆ ಶಾಸ್ತ್ರವೂ ಬರುತ್ತದೆಂದು ನಂಬಿದ್ದಾರೆ. ಹುಲಿಗೆಮ್ಮನಿಗೆ ತನ್ನ ಸೆರಗಿನ ಗಂಟು ಬಿಚ್ಚುವ ಭಾಗ್ಯ ಸಿಕ್ಕಿತು. ನಿನಗೆ ಅಕ್ಕ ಸಿಕ್ಕಿದಳು, ನಮ್ಮ ಮನೆಯ ಬಾಗಿಲೂ ಸಿಕ್ಕಿದೆ, ಯುಗಾದಿಗೆ ಬಂದು ಉಂಡು ಹೋಗು. ಕೆಂಪಕ್ಕನಿಗೆ ಉಸಿರು ಸಿಕ್ಕಿತು.

ನನಗೆ ಸಿಕ್ಕಿದ್ದು ಹೆದರಿಕೆ. ಮೊದಲು ಎರಡಿದ್ದವು, ಒಂದಕ್ಕೊಂದು ಆಸರೆಯಾಗಿದ್ದವು. ಈಗ ಅವಳು ನಿದ್ದೆಯಲ್ಲಿ ಸಣ್ಣಗೆ ನರಳಿದರೂ ನಾನು ಎದ್ದು ಕೂರುತ್ತೇನೆ. ಯಾವ ಕಡೆ ಎಂದು ಕೇಳುವುದಿಲ್ಲ. ಉಳಿದಿರುವುದು ಒಂದೇ ಕಡೆ.

ನಿನ್ನ ಭಾವ
ತಿಪ್ಪೇಶಪ್ಪ